ಷರಾ

ಕಪಾಟಿಗೆ ಎರಡು ಬೀಗ.
ಒಂದರ ಕೀಲಿ ನನ್ನ ಕೊರಳಲ್ಲಿ, ತಾಳಿಯ ಪಕ್ಕ.
ಇನ್ನೊಂದು ಡಾಕ್ಟರ್ ಸಾವಿಯೋ ಅವರ ಜೇಬಿನಲ್ಲಿ,
ಸ್ಕೂಟರಿನ ಕೀಲಿಯ ಜತೆ.
ಅವರು ಊಟಕ್ಕೆ ಚಿಕಾಲಿಮಿಗೆ ಹೋದರೆಂದರೆ
ವಾಸ್ಕೋದ ನೋವೆಲ್ಲ ಎರಡೂವರೆಯವರೆಗೆ ಕಾಯಬೇಕು.

ಈಗ ಒಂದೂ ಮುಕ್ಕಾಲು. ಕಿಟಕಿಯಾಚೆ ನೀಲವ್ವ,
ಬಾಯ್ನಾದವಳು, ಮೂಲ ರೋಣದ ಕಡೆ.
ಬಂದರಿನಲ್ಲಿ ಅದಿರು ತುಂಬುತ್ತಿದ್ದ ಗಂಡ ಫಕೀರಪ್ಪನಿಗೆ
ದವಡೆಯ ಹುಣ್ಣು ಕಿವಿಯತನಕ ಹೋಗಿದೆ.
ಸೆರಗಿನ ಗಂಟು ಬಿಚ್ಚಿ
ಖಾಲಿ ಪಟ್ಟಿಗಳನ್ನು ಸುರಿದಳು,
ಬೆಳ್ಳಿಹಾಳೆ ಹರಿದ ಪುಟ್ಟ ಪುಟ್ಟ ಬಾವಿಗಳು.
ಎಣಿಸುವುದು ನನ್ನ ಕೆಲಸ.

ಒಂಬತ್ತು ದಿನಕ್ಕೆ ಐವತ್ತನಾಲ್ಕು ತೀರಬೇಕು.
ಅರವತ್ತೂ ತೀರಿವೆ.

‘ಒಂದು ವಾಂತ್ಯಾಗ ಹೋತ್ರಿ ಅಕ್ಕಾರ.
ಕೈಯಾಡಿಸಿ ಹುಡುಕಿದೆ, ಕರಗಿತ್ತು.
ಉಳಿದವು...
ನಾಕ್ ತಾಸಿಗೊಂದು ಅಂತ ನೀವು ಬರದೀರಿ,
ನಾನೂ ಗ್ವಾಡಿ ನೋಡಕೋತನ ಕುಂದರತೇನಿ.
ಆ ನೋವಿಗೆ ಗಡಿಯಾರ ಓದಾಕ ಬರೂದಿಲ್ಲರಿ.’

ಈ ಮಾತನ್ನು ಹಿಂದೊಮ್ಮೆ ಕೇಳಿದ್ದೆ,
ಬೇರೆ ಬಾಯಲ್ಲಿ.
ದತ್ತು, ನನ್ನ ತಮ್ಮ. ಕೊರ್ತಾಲಿಂ ಸೇತುವೆಯ ಇಳಿಜಾರಿನಲ್ಲಿ
ಬೈಕು ಜಾರಿ ಭುಜಕ್ಕೆ ಪ್ಲೇಟು.
ಮೊದಲ ತಿಂಗಳು ನೋವಿತ್ತು.
ಆಮೇಲೆ ನೋವಿನ ಹೆಸರಿತ್ತು.
ಒಂದೇ ಚೀಟಿ, ಐದು ಜೆರಾಕ್ಸ್, ಐದು ಅಂಗಡಿ.
ಯಾರೂ ಏನೂ ಕೇಳಲಿಲ್ಲ, ಎಲ್ಲರೂ ಒಳ್ಳೆಯವರೇ,
ಪಾಪ ಅಂದರು.
ನನ್ನ ಪರ್ಸಿನಿಂದ ಹೋದ ದುಡ್ಡಿಗೆ
ನಾನೂ ಪಾಪ ಅಂದಿದ್ದೆ.
ಆಗಸ್ಟಿನ ಒಂದು ಬೆಳಗ್ಗೆ ಅವನನ್ನು ಎಬ್ಬಿಸಲು ಹೋದ ಅಮ್ಮ
ಬಾಗಿಲಲ್ಲೇ ನಿಂತುಬಿಟ್ಟಿದ್ದಳು,
ಲೋಟದಲ್ಲಿ ಚಹಾ ಕೆನೆಗಟ್ಟುವ ತನಕ.

ಅಂದಿನಿಂದ ಎಣಿಸುತ್ತೇನೆ.
ಬಸ್ಸಿನಲ್ಲಿ ಕೂತರೂ ಕಿಟಕಿಗಳನ್ನು.

ಆದರೆ ಸಡಾದ ಮಿಂಗೆಲ್ ಬಾಬನ ಲೆಕ್ಕವೂ ನನ್ನಲ್ಲಿದೆ.
ಒಂದು ಪಟ್ಟಿ ತಂದಿರಲಿಲ್ಲ. ಹುಡುಕಿ ತಾ, ಅಂದೆ.
ಅದು ಶುಕ್ರವಾರ, ಮರುದಿನ ಫೆಸ್ತು, ಅದರ ಮರುದಿನ ಭಾನುವಾರ.
ಸೋಮವಾರ ಮಗಳು ಬಂದಳು, ಕೈಯಲ್ಲಿ ಆ ಪಟ್ಟಿ.
ಹಾಸಿಗೆಯ ಕೆಳಗಿತ್ತಂತೆ.
ಕೌಂಟರಿನ ಮೇಲಿಟ್ಟು,
ಇನ್ನು ಬೇಡ ಬಾಯಿ, ಅಂದಳು ಕೊಂಕಣಿಯಲ್ಲಿ.
ಎರಡು ರಾತ್ರಿ ಇಡೀ ಓಣಿಗೆ ನಿದ್ದೆಯಿರಲಿಲ್ಲವೆಂದು
ಬೇರೆ ಯಾರೋ ಹೇಳಿದರು.
ಆ ವಾರದ ಪುಟದಲ್ಲಿ ಒಂದೂ ತಪ್ಪಿಲ್ಲ.
ಇನ್‌ಸ್ಪೆಕ್ಟರು ಹಸಿರು ಶಾಯಿಯಲ್ಲಿ ‘ಸರಿ’ ಎಂದು ಬರೆದು
ಚಹಾ ಕುಡಿದು ಹೋದ.

ಫೋನು ಮಾಡಿದೆ.
ಡಾಕ್ಟರ್ ಬಂದರು, ಬೆರಳಲ್ಲಿ ಇನ್ನೂ ಮೀನುಸಾರಿನ ವಾಸನೆ,
ಪಟ್ಟಿಗಳನ್ನು ನೋಡಿದರು, ಅವಳ ಕಣ್ಣ ಕೆಳಗಿನ ಕಪ್ಪನ್ನು ನೋಡಿದರು.
‘ಡೋಸು ಏರಿಸಬೇಕಿತ್ತು. ನಾನೇ ಮನೆಗೆ ಹೋಗಿ ನೋಡಬೇಕಿತ್ತು.’
ಎರಡು ಕೀಲಿ ತಿರುಗಿದವು.

ರಿಜಿಸ್ಟರಿನ ಕೊನೆಯ ಕಾಲಮ್ಮು ಹೆಬ್ಬೆಟ್ಟಿನಷ್ಟು ಅಗಲ.
ತಲಾಠಿಯಾಗಿದ್ದ ಅಪ್ಪ ಅದನ್ನು ಷರಾ ಅನ್ನುತ್ತಿದ್ದ.
ಬರೆದೆ: ಆರು ಹೆಚ್ಚು. ಒಂದು ವಾಂತಿ.
ಐದು, ರಾತ್ರಿ.
ಇನ್‌ಸ್ಪೆಕ್ಟರಿಗೆ ಅರ್ಥವಾಗದಿದ್ದರೆ ಕೇಳಲಿ.

ಗುಳಿಗೆ ಕೊಡುವಾಗ ಕೈ ತಡೆಯಿತು.
ಮನೆಯಲ್ಲಿ ಮತ್ತ್ಯಾರಿದ್ದಾರೆ?
‘ಮಗ ಅದಾನ್ರಿ. ಹದಿನೇಳು.’
ಡಬ್ಬಿಗೆ ಬೀಗ ಹಾಕು, ಅಂದೆ.
‘ಬಾಗಲಕ್ಕ ಬೀಗಿಲ್ಲರಿ ನಮ್ಮನ್ಯಾಗ’
ಅಂದು ನಕ್ಕಳು, ಒಂಬತ್ತು ದಿನಗಳಲ್ಲಿ ಮೊದಲ ಸಲವೇನೋ.

ನನ್ನ ಊಟದ ಡಬ್ಬಿ ಇಡುವ ಲಾಕರಿನಿಂದ
ಬೀಗ ಬಿಚ್ಚಿ ಕೊಟ್ಟೆ. ಹಿತ್ತಾಳೆಯದು, ಮೂವತ್ತು ರೂಪಾಯಿ.
ಅದಕ್ಕೂ ಎರಡು ಕೀಲಿ.
ಒಂದನ್ನು ಕರಿಮಣಿಗೆ ಪೋಣಿಸಿಕೊಂಡು ಹೋದಳು.
ಇನ್ನೊಂದು ಇಲ್ಲೇ ಡ್ರಾಯರಿನಲ್ಲಿದೆ,
ರಬ್ಬರ್‌ಬ್ಯಾಂಡು, ಗುಂಡುಪಿನ್ನುಗಳ ನಡುವೆ,
ಯಾವುದನ್ನೂ ತೆರೆಯದೆ.